ರೋಡ್ ಬೈಕಿಗೆ ಏರೋ ಬಾರ್: 180 ಕಿಲೋಮೀಟರ್ ಬಗ್ಗಿ ಕೂರಲು ಮಾಡಿದ ಕೆಲಸ

ಫುಲ್ ಡಿಸ್ಟನ್ಸ್ ಟ್ರಯಥ್ಲಾನ್ ಅಂದರೆ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. ನಮ್ಮಂಥ ಹವ್ಯಾಸಿಗಳಿಗೆ ಒಟ್ಟು ಸಮಯದಲ್ಲಿ ಹೆಚ್ಚುಕಡಿಮೆ ಅರ್ಧ ಸ್ಯಾಡಲ್ ಮೇಲೇ ಕಳೆಯುತ್ತದೆ. ಅಷ್ಟು ಹೊತ್ತು ಕಾಲು ಹುಟ್ಟಿಸುವ ಶಕ್ತಿಯಲ್ಲಿ ದೊಡ್ಡ ಪಾಲು ಗಾಳಿಗೆ ಹೋಗುತ್ತದೆ. ಆ ಗಾಳಿಗೆ ಅಡ್ಡ ನಿಲ್ಲುವುದರಲ್ಲಿ ಮುಕ್ಕಾಲು ಭಾಗ ಸೈಕಲ್ ಅಲ್ಲ, ಮೇಲೆ ಕೂತ ಮನುಷ್ಯ. ಹೊಸ ಟೈಮ್ ಟ್ರಯಲ್ ಸೈಕಲ್ (ಒಬ್ಬರೇ ಗಡಿಯಾರದ ವಿರುದ್ಧ ಓಡಿಸಲು ಮಾಡಿದ್ದು) ಕೊಳ್ಳುವ ಮೊದಲು ಇರುವ ಅಲ್ಯೂಮಿನಿಯಂ ರೋಡ್ ಬೈಕನ್ನೇ ಎಲ್ಲಿಯವರೆಗೆ ಒಯ್ಯಬಹುದು ನೋಡೋಣ ಅಂತ ಕೈ ಹಾಕಿದೆ.

ಕೈಯಲ್ಲಿದ್ದದ್ದು: 73 ಡಿಗ್ರಿ ಸೀಟ್ ಟ್ಯೂಬಿನ ಫ್ರೇಮು, 31.8 ಮಿ.ಮೀ. ಕ್ಲ್ಯಾಂಪಿನ ಅಲ್ಯೂಮಿನಿಯಂ ಡ್ರಾಪ್ ಬಾರ್ (ಕೆಳಕ್ಕೆ ಬಾಗಿದ ಹ್ಯಾಂಡಲ್), 172.5 ಮಿ.ಮೀ. ಕ್ರ್ಯಾಂಕ್ (ಪೆಡಲ್ ಹಿಡಿದ ತೋಳು), ಕೇಬಲ್ ಎಳೆಯುವ ಮಾಮೂಲಿ ಗೇರು, ಕಾಲು ಹಾಕುವ ವ್ಯಾಟ್ ಅಳೆಯುವ ಒಂದು ಪವರ್ ಮೀಟರ್. ಹೊಸದಾಗಿ ತಂದದ್ದು ಕ್ಲಿಪ್-ಆನ್ ಏರೋ ಬಾರ್ (ಹ್ಯಾಂಡಲ್‌ಗೆ ಕಟ್ಟುವ ಜೋಡಿ ಕೊಳವೆ, ಮೊಣಕೈ ಪ್ಯಾಡ್ ಮೇಲೆ ಊರಿ ಕೈ ಮುಂದೆ ಚಾಚಿ ಹಿಡಿಯುವುದು), ಅದರ ಪ್ಯಾಡ್ ಎತ್ತರಿಸುವ ಸ್ಪೇಸರ್ ಬಿಲ್ಲೆಗಳು, ಹಿಂದಕ್ಕೆ ಬಾಗದ ನೇರ ಸೀಟ್ ಪೋಸ್ಟ್, ಮೂತಿ ಸೀಳಿದ ಮೋಟು ಸ್ಯಾಡಲ್.

ಮೊದಲು ಪೆನ್ಸಿಲ್ ಕೆಲಸ

ಗಾಳಿಯ ತಡೆಯನ್ನು ಸಿಡಿಎ ಎನ್ನುವ ಒಂದೇ ಸಂಖ್ಯೆಯಲ್ಲಿ ಹಿಡಿಯುತ್ತಾರೆ. ಆಕಾರದ ಗುಣಾಂಕವನ್ನು ಎದುರಿನಿಂದ ಕಾಣುವ ವಿಸ್ತೀರ್ಣಕ್ಕೆ ಗುಣಿಸಿದರೆ ಬರುವುದು ಅದು, ಅಳತೆ ಚದರ ಮೀಟರಿನಲ್ಲಿ. ಗಾಳಿ ಸೀಳಲು ಬೇಕಾದ ವ್ಯಾಟ್ ಎಷ್ಟು ಅಂದರೆ ಗಾಳಿಯ ಸಾಂದ್ರತೆ, ಸಿಡಿಎ, ವೇಗದ ಘನ ಈ ಮೂರರ ಗುಣಲಬ್ಧದ ಅರ್ಧ. ವೇಗ ಘನದಲ್ಲಿ ಬರುವುದರಿಂದಲೇ ಸಮತಟ್ಟು ರಸ್ತೆಯಲ್ಲಿ ಸ್ವಲ್ಪ ವೇಗ ಹೆಚ್ಚಿಸಿಕೊಳ್ಳಲೂ ಅಷ್ಟು ತಿಣುಕಬೇಕಾಗುವುದು.

ನನ್ನ ಲೆಕ್ಕಕ್ಕೆ ಇಟ್ಟುಕೊಂಡದ್ದು: ಮೈ, ಸೈಕಲ್, ತುಂಬಿದ ಬಾಟಲ್ ಸೇರಿ 84 ಕೆ.ಜಿ., ಪೆಡಲ್ ಮೇಲೆ 190 ವ್ಯಾಟ್, ಚೈನಿನಲ್ಲಿ 3 ಶೇಕಡಾ ನಷ್ಟ, ಟೈರಿನ ಉರುಳು ಗುಣಾಂಕ 0.005, ಗಾಳಿಯ ಸಾಂದ್ರತೆ ಘನ ಮೀಟರಿಗೆ 1.15 ಕೆ.ಜಿ., ಏರು ಇಳಿವು ಗಾಳಿ ಏನೂ ಇಲ್ಲದ ರಸ್ತೆ. ಬ್ರೇಕ್ ಹುಡ್ (ಬ್ರೇಕ್ ಲಿವರ್ ಬುಡದ ರಬ್ಬರ್ ಹಿಡಿ) ಹಿಡಿದು ಕೂತಾಗಿನ ಸಿಡಿಎ 0.36 ಅಂತಿಟ್ಟರೆ ವೇಗ ಗಂಟೆಗೆ 32.1 ಕಿ.ಮೀ., 180 ಕಿ.ಮೀ.ಗೆ 5 ಗಂಟೆ 36 ನಿಮಿಷ. ಅದೇ 190 ವ್ಯಾಟಿಗೆ 0.30 ಆದರೆ 5 ಗಂಟೆ 18 ನಿಮಿಷ. 0.27 ಆದರೆ 5 ಗಂಟೆ 8 ನಿಮಿಷ. ಕಾಲು ಅದೇ, ಉಸಿರು ಅದೇ, 28 ನಿಮಿಷದ ವ್ಯತ್ಯಾಸ. ಅಷ್ಟನ್ನು ಬರೀ ತರಬೇತಿಯಿಂದ ಗಳಿಸಬೇಕೆಂದರೆ ಎಷ್ಟು ತಿಂಗಳು ಬೆವರು ಹರಿಸಬೇಕು ಎನ್ನುವುದು ಟ್ರೇನರ್ (ಸೈಕಲನ್ನು ನಿಂತಲ್ಲೇ ತುಳಿಯಲು ಕೂರಿಸುವ ಸ್ಟ್ಯಾಂಡ್) ಮೇಲೆ ಕೂತವರಿಗೆ ಗೊತ್ತು.

ಇನ್ನೊಂದು ಲೆಕ್ಕವನ್ನೂ ಆಗಲೇ ಮಾಡಿಟ್ಟುಕೊಂಡೆ. ಗಂಟೆಗೆ 35 ಕಿ.ಮೀ. ವೇಗದಲ್ಲಿ 0.36 ಮತ್ತು 0.27ರ ನಡುವಿನ ಅಂತರ ಸುಮಾರು 47 ವ್ಯಾಟ್. ಏರಿನಲ್ಲಿ ಗಂಟೆಗೆ 15 ಕಿ.ಮೀ.ಗೆ ಇಳಿದಾಗ ಅದೇ ಅಂತರ ಬರೀ 4 ವ್ಯಾಟ್. ಅಂದರೆ ಕಡಿದಾದ ಏರಿನಲ್ಲಿ ಧಾರಾಳವಾಗಿ ಎದ್ದು ಕೂತು ಬೆನ್ನು ನೆಟ್ಟಗೆ ಮಾಡಿಕೊಳ್ಳಬಹುದು, ನೀರು ಕುಡಿಯಬಹುದು. ಕಳೆದುಕೊಳ್ಳುವುದು ಏನೂ ಇಲ್ಲ. ಸಮತಟ್ಟಿನಲ್ಲೂ ಇಳಿಜಾರಿನಲ್ಲೂ ಏಳಬಾರದು.

ಸ್ಯಾಡಲ್‌ನಿಂದಲೇ ಶುರು

ಬಹಳ ಜನ ಏರೋ ಬಾರ್ ಕಟ್ಟಿ, ಆಮೇಲೆ ಕೈ ಮುಂದಕ್ಕೆ ಚಾಚಿ, ಆಮೇಲೆ ಸೊಂಟ ನೋವು ಅಂತಾರೆ. ಕೆಲಸ ಶುರುವಾಗಬೇಕಾದದ್ದು ಸೊಂಟದಿಂದ. ರೋಡ್ ಬೈಕಿನಲ್ಲಿ ಕೂತ ಜಾಗದಲ್ಲೇ ಎದೆ ಕೆಳಗಿಳಿಸಿದರೆ ತೊಡೆ ಹೊಟ್ಟೆಗೆ ಒತ್ತುತ್ತದೆ, ಪೆಡಲ್ ಮೇಲಕ್ಕೆ ಬಂದಾಗ ಮಂಡಿಗೆ ಜಾಗ ಸಾಲದು, ಉಸಿರು ಕಟ್ಟುತ್ತದೆ. ಪರಿಹಾರ ಇಡೀ ಮೈಯನ್ನು ಬಾಟಮ್ ಬ್ರ್ಯಾಕೆಟ್ (ಕ್ರ್ಯಾಂಕ್ ತಿರುಗುವ ಅಚ್ಚಿನ ಜಾಗ) ಸುತ್ತ ಮುಂದಕ್ಕೆ ತಿರುಗಿಸುವುದು. ಟ್ರಯಥ್ಲಾನ್ ಸೈಕಲ್‌ಗಳ ಸೀಟಿನ ಕೋನ 76ರಿಂದ 80 ಡಿಗ್ರಿಯವರೆಗೆ ಕಡಿದಾಗಿರುವುದು ಇದಕ್ಕೇ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಸೈಕಲ್ ತಯಾರಕ ಡ್ಯಾನ್ ಎಂಪ್‌ಫೀಲ್ಡ್ ತಮ್ಮ ಕ್ವಿಂಟಾನಾ ರೂ ಸೈಕಲ್‌ಗಳಲ್ಲಿ ಮಾಡಿ ತೋರಿಸಿದ್ದೂ ಇದನ್ನೇ.

ನೇರ ಪೋಸ್ಟ್ ಹಾಕಿ, ಸ್ಯಾಡಲ್ ರೈಲನ್ನು ಮುಂದೆ ತಳ್ಳಿದಾಗ 3 ಸೆಂ.ಮೀ. ಸಿಕ್ಕಿತು. ಇಲ್ಲಿ ಒಂದು ವಿಷಯ ಸುಲಭವಾಗಿ ಕಣ್ತಪ್ಪುತ್ತದೆ. ಸ್ಯಾಡಲ್ ಮುಂದೆ ಹೋದಂತೆ ಅದು ಬಾಟಮ್ ಬ್ರ್ಯಾಕೆಟ್ಟಿಗೆ ಹತ್ತಿರವೂ ಆಗುತ್ತದೆ. ನನ್ನ ಸ್ಯಾಡಲ್ ಎತ್ತರ 75 ಸೆಂ.ಮೀ. ಅಡ್ಡಡ್ಡ 3 ಸೆಂ.ಮೀ. ಮುಂದೆ ತಂದರೆ ಅದು ಸುಮಾರು 74.2ಕ್ಕೆ ಇಳಿಯುತ್ತದೆ. ಹಾಗಾಗಿ ಪೋಸ್ಟನ್ನು 8-9 ಮಿ.ಮೀ. ಮೇಲೆತ್ತಿದೆ. ಇದನ್ನು ಬಿಟ್ಟರೆ ಮಂಡಿಯ ಮುಂಭಾಗಕ್ಕೆ ಭಾರ ಬೀಳುತ್ತದೆ, ಜನ ಅದನ್ನು ಏರೋ ಭಂಗಿಯ ತಪ್ಪು ಅಂದುಕೊಳ್ಳುತ್ತಾರೆ. ಕೋನ 73ರಿಂದ 75 ಚಿಲ್ಲರೆ ಡಿಗ್ರಿಗೆ ಬಂತು. 78 ಅಲ್ಲ, ಆದರೆ ಮಂಡಿ ಹೊಟ್ಟೆಗೆ ತಾಗುವುದು ನಿಂತಿತು. ರೈಲಿನ ಮೇಲೆ ಬರೆದ ಮಿತಿಗೆರೆ ದಾಟಿಸಿ ಕ್ಲ್ಯಾಂಪ್ ಮಾಡಬೇಡಿ, ರೈಲು ಬಾಗುವ ಜಾಗದಲ್ಲಿ ಹಿಡಿದರೆ ಅಲ್ಲೇ ಮುರಿಯುತ್ತದೆ.

ಮೂತಿ ಸೀಳಿದ ಸ್ಯಾಡಲ್ ಐಷಾರಾಮಿ ಅಲ್ಲ. ಮುಂದಕ್ಕೆ ಬಗ್ಗಿದಾಗ ಭಾರ ಕೂರುವ ಮೂಳೆ ಬಿಟ್ಟು ಇನ್ನೂ ಮುಂದಕ್ಕೆ, ಮೆತ್ತನೆ ಭಾಗಕ್ಕೆ ಬರುತ್ತದೆ. ಮರಗಟ್ಟಿದರೆ ಯಾರೂ ಬಗ್ಗಿ ಕೂರುವುದಿಲ್ಲ, ಎಷ್ಟೇ ಶಿಸ್ತಿದ್ದರೂ.

ಏರೋ ಬಾರ್

1989ರ ಟೂರ್ ಡಿ ಫ್ರಾನ್ಸ್ ಕತೆ ಸೈಕಲ್ ಓಡಿಸುವವರಿಗೆಲ್ಲ ಗೊತ್ತು: ಕೊನೆಯ ದಿನ ವರ್ಸೇಯಿಂದ ಪ್ಯಾರಿಸ್‌ವರೆಗಿನ 24.5 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ 50 ಸೆಕೆಂಡ್ ಹಿಂದಿದ್ದ ಗ್ರೆಗ್ ಲೆಮಾಂಡ್ ಏರೋ ಬಾರ್ ಹಿಡಿದು ಓಡಿಸಿ, ಲೊರಾಂ ಫಿನ್ಯೋನ್ ಅವರನ್ನು ಒಟ್ಟು 8 ಸೆಕೆಂಡಿನಿಂದ ಸೋಲಿಸಿದರು. ಟ್ರಯಥ್ಲಾನ್‌ನವರು ಅಷ್ಟರೊಳಗಾಗಲೇ ಆ ಬಾರ್ ಬಳಸುತ್ತಿದ್ದರು ಅನ್ನುವುದನ್ನು ಮಾತ್ರ ಕತೆ ಹೇಳುವವರು ಮರೆಯುತ್ತಾರೆ!

ಕ್ಲ್ಯಾಂಪ್ ಕೂರಬೇಕಾದದ್ದು ಸ್ಟೆಮ್ಮಿನ (ಹ್ಯಾಂಡಲನ್ನು ಸೈಕಲ್‌ಗೆ ಹಿಡಿಸುವ ತುಂಡು) ಎರಡೂ ಪಕ್ಕ 31.8 ಮಿ.ಮೀ. ಇರುವ ದಪ್ಪ ಭಾಗದಲ್ಲಿ ಮಾತ್ರ. ಬಾರ್ ಸಣ್ಣಗಾಗುತ್ತ ಹೋಗುವ ಕಡೆ ಹಿಡಿದರೆ ಒಂದೇ ಅಂಚಿನಲ್ಲಿ ಕಚ್ಚುತ್ತದೆ, ಗುಂಡಿ ಬಂದಾಗ ತಿರುಗುತ್ತದೆ. ಕಾರ್ಬನ್ ಬಾರ್ ಆಗಿದ್ದರೆ ಏರೋ ಬಾರ್ ಕಟ್ಟಲು ತಯಾರಕರ ಅನುಮತಿ ಇದೆಯೋ ನೋಡಲೇಬೇಕು, ಎಷ್ಟೋ ಕಾರ್ಬನ್ ಬಾರ್‌ಗಳಿಗೆ ಇಲ್ಲ. ನನ್ನದರ ಬೋಲ್ಟ್ ಮೇಲೆ 5 ನ್ಯೂಟನ್ ಮೀಟರ್ ಅಂತ ಬರೆದಿತ್ತು, ಟಾರ್ಕ್ ರೆಂಚಿನಲ್ಲಿ ಅಷ್ಟಕ್ಕೇ ನಿಲ್ಲಿಸಿದೆ. ಕ್ಲ್ಯಾಂಪಿನ ಕೆಳಗೆ ಬ್ರೇಕ್ ಕೇಬಲ್ ಸಿಕ್ಕಿ ಮಡಚಿಕೊಂಡಿದೆಯಾ ಅಂತ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡುವುದು ಆಮೇಲಿನ ಕೆಲಸ.

ಪ್ಯಾಡ್ ಎತ್ತರಿಸಲು ಸ್ಪೇಸರ್ ಸೇರಿಸಿದಾಗ ಬೋಲ್ಟೂ ಅಷ್ಟೇ ಉದ್ದದ್ದು ಬದಲಾಗಬೇಕು. ಹಳೇ ಬೋಲ್ಟೇ ತುದಿಯಲ್ಲಿ ಎರಡು ಸುತ್ತು ಕಚ್ಚಿಕೊಂಡರೆ ಬಿಗಿಯಾದಂತೆ ಅನಿಸುತ್ತದೆ, ಮೊಣಕೈ ಭಾರ ಬಿದ್ದ ದಿನ ಕಿತ್ತು ಬರುತ್ತದೆ. ನಾನು ಪ್ರತಿ ಎತ್ತರಕ್ಕೂ ಬೋಲ್ಟ್ ಜೋಡಿ ಬೇರೆ ಬೇರೆ ಪುಟ್ಟ ಡಬ್ಬಿಯಲ್ಲಿಟ್ಟು ಮೇಲೆ ಮಿ.ಮೀ. ಬರೆದಿಟ್ಟಿದ್ದೇನೆ. ಎಲ್ಲ ಕಟ್ಟಿದ ಮೇಲೆ, ಓಡಿಸುವ ಮೊದಲು, ನಿಂತಲ್ಲೇ ಪ್ಯಾಡ್ ಮೇಲೆ ಮೈಭಾರವೆಲ್ಲ ಹಾಕಿ ಒತ್ತಿ ನೋಡಬೇಕು. ಜಾರುವುದಿದ್ದರೆ ಅಲ್ಲೇ ಜಾರಲಿ. ಮೊದಲ ಸುತ್ತು ಓಡಿಸಿ ಬಂದ ಮೇಲೆ ಇನ್ನೊಮ್ಮೆ ರೆಂಚ್. ಬಾರ್ ತುದಿಗಳಿಗೆ ಮುಚ್ಚಳ ಕಡ್ಡಾಯ: ತೆರೆದ ಕೊಳವೆ ಬಿದ್ದಾಗ ಮೈಗೆ ಚುಚ್ಚುತ್ತದೆ, ಸ್ಪರ್ಧೆಯ ತಪಾಸಣೆಯಲ್ಲೂ ಬಿಡುವುದಿಲ್ಲ.

ಭಂಗಿ ಹೊಂದಿಸಿದ್ದು ಟ್ರೇನರ್ ಮೇಲೆ, ಪಕ್ಕದಲ್ಲಿ ಮೊಬೈಲ್ ವಿಡಿಯೊ ಇಟ್ಟು. ಕಿವಿಯಿಂದ ನೆಟ್ಟಗೆ ಗೆರೆ ಎಳೆದರೆ ಅದು ಮೊಣಕೈ ಹತ್ತಿರ ಬೀಳುವಂತೆ, ತೋಳೂ ಮೈಯೂ ಹೆಚ್ಚುಕಡಿಮೆ ಲಂಬಕೋನದಲ್ಲಿ ಇರುವಂತೆ. ಹೀಗಿದ್ದರೆ ಮೈಭಾರವನ್ನು ಮೂಳೆ ಹೊರುತ್ತದೆ, ಭುಜದ ಸ್ನಾಯು ಹೊರುವುದಿಲ್ಲ. ಬಾರನ್ನು ಬೆಣೆ ಕೊಟ್ಟು 15 ಡಿಗ್ರಿಯಷ್ಟು ಮೇಲಕ್ಕೆ ಓರೆ ಮಾಡಿದೆ. ಕೈ ಮೇಲೆದ್ದರೆ ಗಾಳಿ ತಡೆ ಜಾಸ್ತಿಯಾಗುತ್ತದೆ ಅನ್ನುವ ಹಳೇ ನಂಬಿಕೆ ಇದೆ. ಆದರೆ ಹೀಗೆ ಓರೆ ಇದ್ದಾಗ ಮೈ ಮುಂದಕ್ಕೆ ಜಾರದೆ ಪ್ಯಾಡಿನಲ್ಲಿ ನಿಲ್ಲುತ್ತದೆ, ಭುಜ ಸಡಿಲವಾಗುತ್ತದೆ, ತಲೆ ತಾನಾಗಿ ಕೈಗಳ ಹಿಂದೆ ಇಳಿಯುತ್ತದೆ.

ಕೈಗಳ ನಡುವಿನ ಬಾಟಲ್

ಫ್ರೇಮಿನ ಮೇಲಿನ ಬಾಟಲ್ ತೆಗೆಯಬೇಕಾದರೆ ಒಂದು ಕೈ ಪ್ಯಾಡ್ ಬಿಡಬೇಕು, ಎದೆ ಏಳಬೇಕು. ಎರಡು ಏರೋ ಬಾರ್‌ಗಳ ನಡುವೆ ಉದ್ದಕ್ಕೆ ಮಲಗಿಸಿ ಕೂರಿಸಿದರೆ ಮೊಣಕೈ ಅಲ್ಲಾಡುವುದಿಲ್ಲ. ಇದಕ್ಕೆ ತಯಾರಾದ ಬ್ರ್ಯಾಕೆಟ್ ಸಿಗುತ್ತವೆ. ನಾನು ಮಾಡಿದ್ದು ಸಾದಾ ಬಾಟಲ್ ಕೇಜ್ ಮತ್ತು ಜಿಪ್ ಟೈಗಳಿಂದ. ಮೊದಲು ಎರಡು ಬಾರ್‌ಗಳ ಮೇಲೆ ಅಡ್ಡಲಾಗಿ ಒಂದು ಗಟ್ಟಿ ಅಲ್ಯೂಮಿನಿಯಂ ಪಟ್ಟಿ. ಪಟ್ಟಿಗೂ ಬಾರಿಗೂ ನಡುವೆ ಹಳೇ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ತುಂಡು. ರಬ್ಬರ್ ಇಲ್ಲದೆ ಜಿಪ್ ಟೈ ಎಷ್ಟೇ ಎಳೆದರೂ ನುಣುಪು ಕೊಳವೆ ಮೇಲೆ ಸರಿಯುತ್ತದೆ. ಜಿಪ್ ಟೈಗಳನ್ನು ಗುಣಿಸುವ ಚಿಹ್ನೆಯ (×) ಆಕಾರದಲ್ಲಿ ಸುತ್ತಿ, ಗಂಟಿನ ತಲೆಯನ್ನು ಕೆಳಗಡೆ ತಿರುಗಿಸಿದೆ. ಮೇಲೆ ಬಿಟ್ಟರೆ ಕತ್ತರಿಸಿದ ತುದಿ ಮುಂಗೈ ಒಳಭಾಗವನ್ನು ಗೀರುತ್ತಲೇ ಇರುತ್ತದೆ. ಕೇಜಿನ ಬಾಯಿ ನನ್ನ ಕಡೆ. ಬಾಯಿ ಕೊಂಚ ಮೇಲಕ್ಕೆ ಎತ್ತಿಕೊಂಡಿದ್ದರೆ ಗುಂಡಿಯಲ್ಲಿ ಬಾಟಲ್ ಹಿಂದಕ್ಕೆ ಜಾರಿ ಎದೆಗೆ ಬಡಿಯುವುದಿಲ್ಲ. ಕೇಜ್ ಮಾತ್ರ ಬಿಗಿ ಹಿಡಿತದ್ದೇ ಬೇಕು. ಸೈಕಲ್ ಕಂಪ್ಯೂಟರ್ ಬಾಟಲ್ ತಳದ ಆಚೆ, ಬಾರ್ ತುದಿಗಳ ಹತ್ತಿರ, ರಸ್ತೆ ನೋಡುವ ಕಣ್ಣಿಗೆ ಹಾಗೇ ಸಿಗುವಂತೆ.

ಸ್ಯಾಡಲ್ ಹಿಂದೆ ಬಾಟಲ್ ಕಟ್ಟಲಿಲ್ಲ. ಅಲ್ಲಿಂದ ಬಾಟಲ್ ಹಾರಿ ಹಿಂದಿನವರ ಚಕ್ರಕ್ಕೆ ಸಿಗುವುದು ಸ್ಪರ್ಧೆಗಳಲ್ಲಿ ಸಾಮಾನ್ಯ ದೃಶ್ಯ.

ಗೇರ್ ವಿಷಯಕ್ಕೆ ಒಂದು ಮಾತು. ಎಲೆಕ್ಟ್ರಾನಿಕ್ ಗೇರ್ ಇದ್ದವರು ಬಾರ್ ತುದಿಯಲ್ಲಿ ಹೆಚ್ಚುವರಿ ಬಟನ್ ಕೂರಿಸಿಕೊಳ್ಳಬಹುದು. ನನ್ನ ಕೇಬಲ್ ಗೇರಿಗೆ ಬ್ರೇಕ್ ಹುಡ್‌ವರೆಗೆ ಕೈ ಹೋಗಲೇಬೇಕು. ಬಾರ್ ತುದಿ ಶಿಫ್ಟರ್ ಹಾಕಿದರೆ ಹುಡ್ ಮೇಲಿನದನ್ನು ಕಳೆದುಕೊಳ್ಳಬೇಕು, ಅದು ಬೇಡ ಅನಿಸಿತು. ಸಮತಟ್ಟಿನಲ್ಲಿ ಒಂದು ಹಲ್ಲಿನ ವ್ಯತ್ಯಾಸಕ್ಕೆ ಗೇರ್ ಮುಟ್ಟದೆ ಕಾಲಿನ ವೇಗ ಬದಲಿಸುವ ಅಭ್ಯಾಸ ಮಾಡಿಕೊಂಡೆ.

ರಸ್ತೆಯಲ್ಲಿ ಅಳೆದದ್ದು

ವಿಂಡ್ ಟನಲ್ ನಮಗೆಲ್ಲಿ ಸಿಗಬೇಕು. ಅದರ ಬದಲಿಗೆ ರಾಬರ್ಟ್ ಚಂಗ್ ರೂಪಿಸಿದ ‘ವರ್ಚುವಲ್ ಎಲಿವೇಶನ್’ ವಿಧಾನ ಇದೆ. ಗೋಲ್ಡನ್ ಚೀಟಾ ಎನ್ನುವ ಉಚಿತ ತಂತ್ರಾಂಶದ ಏರೋಲ್ಯಾಬ್ ಭಾಗದಲ್ಲಿ ಅದನ್ನು ಮಾಡಬಹುದು. ವಿಚಾರ ಚೆಂದವಾಗಿದೆ. ಪವರ್, ವೇಗ, ತೂಕ ಗೊತ್ತಿದೆ. ಸಿಡಿಎ ಇಷ್ಟು ಅಂತ ಊಹಿಸಿದರೆ ಪ್ರತಿ ಕ್ಷಣವೂ ರಸ್ತೆ ಎಷ್ಟು ಏರಿರಬೇಕು ಅಂತ ಲೆಕ್ಕ ಹಾಕಬಹುದು. ಅದನ್ನು ಕೂಡಿಸುತ್ತ ಹೋದರೆ ರಸ್ತೆಯ ಏರಿಳಿತದ ಚಿತ್ರ ಬರುತ್ತದೆ. ಒಂದೇ ಸುತ್ತನ್ನು ಮತ್ತೆ ಮತ್ತೆ ಹೊಡೆದರೆ, ಹೊರಟ ಜಾಗಕ್ಕೆ ಬಂದಾಗ ಎತ್ತರ ಅದೇ ಇರಬೇಕಲ್ಲ? ಹಾಗೆ ಬರುವವರೆಗೆ ಸಿಡಿಎ ಸಂಖ್ಯೆಯನ್ನು ಹಿಂದೆ ಮುಂದೆ ಸರಿಸುವುದು, ಅಷ್ಟೇ.

ವಿಧಾನ ಸರಳ, ಶಿಸ್ತು ಮಾತ್ರ ಬಿಗಿ. ವೇಗ ಜಿಪಿಎಸ್‌ನಿಂದ ಬೇಡ, ಚಕ್ರದ ಸೆನ್ಸರ್‌ನಿಂದಲೇ ಬರಬೇಕು. ಚಕ್ರದ ಸುತ್ತಳತೆಯನ್ನು ಸೈಕಲ್ ಮೇಲೆ ಕೂತೇ, ಓಡಿಸುವ ಟೈರ್ ಒತ್ತಡದಲ್ಲೇ, ನೆಲದ ಮೇಲೆ ಗುರುತು ಹಾಕಿ ಅಳೆಯಬೇಕು. ಪವರ್ ಮೀಟರಿಗೆ ಪ್ರತಿ ಓಟಕ್ಕೂ ಮುಂಚೆ ಝೀರೋ ಆಫ್‌ಸೆಟ್, ಅಂದರೆ ಸೊನ್ನೆಗೆ ಹೊಂದಿಸುವುದು. ಬ್ರೇಕ್ ಮುಟ್ಟುವಂತಿಲ್ಲ. ಗಾಳಿಯ ಸಾಂದ್ರತೆ ಹಾಕುವಾಗ ಇನ್ನೊಂದು ಬಲೆ ಇದೆ. ಹವಾಮಾನದ ಆ್ಯಪ್ ತೋರಿಸುವ ಒತ್ತಡ ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ್ದು, ನೀವು ನಿಂತ ಜಾಗದ್ದಲ್ಲ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್‌ಗೆ ಸಾಂದ್ರತೆ 1.225. ಅಲ್ಲೇ 30 ಡಿಗ್ರಿಗೆ 1.16. ಸುಮಾರು 900 ಮೀಟರ್ ಎತ್ತರದಲ್ಲಿ 25 ಡಿಗ್ರಿಗೆ 1.06ರ ಆಸುಪಾಸು. ತಪ್ಪು ಒತ್ತಡ ಹಾಕಿದರೆ ಭಂಗಿ ಬದಲಿಸಿ ಗಳಿಸುವುದಕ್ಕಿಂತ ದೊಡ್ಡ ಸುಳ್ಳು ಸಂಖ್ಯೆ ಬಂದು ಕೂರುತ್ತದೆ.

ಬೆಳಗಿನ ಜಾವ, ಗಾಳಿ ಅಲ್ಲಾಡದ ಹೊತ್ತು, ವಾಹನ ಕಡಿಮೆ ಇರುವ ಸುತ್ತು. ಪಕ್ಕದಲ್ಲಿ ಒಂದು ದೊಡ್ಡ ಗಾಡಿ ಹಾದುಹೋದರೂ ಚಿತ್ರದಲ್ಲಿ ಗೊತ್ತಾಗುತ್ತದೆ: ಅದು ಎಳೆದ ಗಾಳಿಯಲ್ಲಿ ಸೈಕಲ್ ಸುಮ್ಮನೆ ಮುಂದೆ ಹೋಗುತ್ತದೆ, ತಂತ್ರಾಂಶ ಅಲ್ಲಿ ಇಲ್ಲದ ಇಳಿಜಾರು ತೋರಿಸುತ್ತದೆ. ಅಂಥ ಸುತ್ತನ್ನು ತೆಗೆದು ಹಾಕಿದೆ. ಒಂದು ಭಂಗಿ ಮುಗಿಸಿ ಇನ್ನೊಂದಕ್ಕೆ ಹೋಗಿ ಅಲ್ಲಿಗೆ ನಿಲ್ಲಿಸಲಿಲ್ಲ, ಮತ್ತೆ ಮೊದಲನೆಯದಕ್ಕೆ ವಾಪಸು ಬಂದು ನೋಡಿದೆ. ಹಾಗೆ ಮಾಡದಿದ್ದರೆ ಬಿಸಿಲೇರಿ ಟೈರ್ ಬೆಚ್ಚಗಾದದ್ದನ್ನೂ ಭಂಗಿಯ ಖಾತೆಗೆ ಬರೆದುಕೊಳ್ಳುತ್ತೇವೆ. ಟೈರಿನ ಗುಣಾಂಕವನ್ನು ಒಂದೇ ಸಂಖ್ಯೆಗೆ ಕಟ್ಟಿಹಾಕಿದ್ದರಿಂದ ಈ ಅಂಕಿಗಳನ್ನು ಒಂದಕ್ಕೊಂದು ಹೋಲಿಸಲು ಮಾತ್ರ ನಂಬುತ್ತೇನೆ. 0.005ಕ್ಕಿಂತ ಸಣ್ಣ ವ್ಯತ್ಯಾಸವನ್ನು ವ್ಯತ್ಯಾಸ ಅಂತ ಎಣಿಸಲಿಲ್ಲ.

ಬಂದದ್ದು ಹೀಗೆ. ಹುಡ್ ಹಿಡಿದು 0.36. ಡ್ರಾಪ್ (ಹ್ಯಾಂಡಲಿನ ಕೆಳಗಿನ ಬಾಗು) ಹಿಡಿದು 0.33. ಏರೋ ಬಾರ್‌ನಲ್ಲಿ, ಪ್ಯಾಡ್ ಎತ್ತರವಾಗಿಯೂ ಅಗಲವಾಗಿಯೂ ಇದ್ದಾಗ 0.30. ಪ್ಯಾಡ್ ಹತ್ತಿರ ತಂದು ಸ್ಪೇಸರ್ ಎಲ್ಲ ತೆಗೆದ ಅತಿ ಕೆಳಗಿನ ಭಂಗಿಯಲ್ಲಿ 0.27. ಅದಕ್ಕಿಂತ 15 ಮಿ.ಮೀ. ಮೇಲೆ, ಪ್ಯಾಡ್ ಹತ್ತಿರದಲ್ಲೇ ಇಟ್ಟು, 0.28. ಪಟಪಟ ಬಡಿಯುವ ಸಡಿಲ ಅಂಗಿ ಹಾಕಿಕೊಂಡರೆ 0.01 ಜಾಸ್ತಿ. ಕೈ ನಡುವಿನ ಬಾಟಲ್ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ಕಾಣಲಿಲ್ಲ.

ಇಲ್ಲಿ ಕೆಳಗಿನ ಎರಡು ಸಂಖ್ಯೆಗಳ ನಡುವೆ ಆರಿಸಬೇಕಿತ್ತು, ಈ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. 0.27 ಕಾಗದದ ಮೇಲೆ ಚೆನ್ನ. ಆದರೆ ಆ ಭಂಗಿಯಲ್ಲಿ ಇಪ್ಪತ್ತು ನಿಮಿಷದ ಹೊತ್ತಿಗೆ ಕತ್ತು ಕೇಳುವುದಿಲ್ಲ, ಎದ್ದು ಹುಡ್ ಹಿಡಿದು ಸುಧಾರಿಸಿಕೊಂಡು ಮತ್ತೆ ಇಳಿಯಬೇಕು. ಹೀಗೆ ಐದರಲ್ಲಿ ಒಂದು ಪಾಲು ಹೊತ್ತು ಎದ್ದು ಕೂತರೆ ಸರಾಸರಿ ವೇಗ 34.5ಕ್ಕೆ ಬಂದು 180 ಕಿ.ಮೀ.ಗೆ 5 ಗಂಟೆ 13 ನಿಮಿಷ ಹಿಡಿಯುತ್ತದೆ. 0.28ರಲ್ಲಿ ಏಳದೆ ಕೂತರೆ 34.7, ಅಂದರೆ 5 ಗಂಟೆ 11 ನಿಮಿಷ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಬೆನ್ನಿಗೂ ಸಲ್ಲುತ್ತದೆ. ಜೊತೆಗೆ ಕೆಳಗಿನ ಭಂಗಿಯ ಇನ್ನೊಂದು ನಷ್ಟ ಈ ಲೆಕ್ಕದಲ್ಲಿ ಬಂದೇ ಇಲ್ಲ. ಎದೆ ತೀರ ಕೆಳಗಿದ್ದಾಗ ರಸ್ತೆ ನೋಡಲು ತಲೆ ಹಿಂದಕ್ಕೆ ಎತ್ತಬೇಕು, ಹೆಲ್ಮೆಟ್ ಬೆನ್ನಿನ ಗೆರೆಗಿಂತ ಮೇಲೆ ನಿಲ್ಲುತ್ತದೆ. ಪ್ಯಾಡ್ ಕೊಂಚ ಮೇಲಿದ್ದರೆ ಭುಜ ಒಳಗೆಳೆದು ತಲೆ ನಡುವೆ ಇಳಿಸಿ ಕೂರಬಹುದು. 15 ಮಿ.ಮೀ. ಸ್ಪೇಸರ್ ವಾಪಸು ಹಾಕಿ ಬೋಲ್ಟಿಗೆ ನೀಲಿ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲಾಗದಂತೆ ಹಿಡಿಯುವ ಅಂಟು) ಹಚ್ಚಿಬಿಟ್ಟೆ.

ಮೈ ಪಳಗಿಸುವುದು

ಏರೋ ಭಂಗಿಯಲ್ಲಿ ಶುರುವಿಗೆ ಪವರ್ ಕಡಿಮೆಯೇ ಬರುತ್ತದೆ. ಅದೇ ಹೃದಯಬಡಿತಕ್ಕೆ ಹತ್ತು-ಹದಿನೈದು ವ್ಯಾಟ್ ಕಮ್ಮಿ. ಆದ್ದರಿಂದ ಎಫ್‌ಟಿಪಿ (ಸುಮಾರು ಒಂದು ಗಂಟೆ ತಡೆದು ಹಿಡಿಯಬಹುದಾದ ಗರಿಷ್ಠ ಪವರ್) ಪರೀಕ್ಷೆಯನ್ನು ಏರೋ ಬಾರ್ ಹಿಡಿದೇ ಬೇರೆ ಮಾಡಿಕೊಂಡು, ಸ್ಪರ್ಧೆಯ ಗುರಿಯನ್ನು ಅದರ ಮೇಲೆ ಕಟ್ಟಬೇಕು. ಫುಲ್ ಡಿಸ್ಟನ್ಸಿಗೆ ಹವ್ಯಾಸಿಗಳು ಹೊರಬಹುದಾದದ್ದು ಎಫ್‌ಟಿಪಿಯ 65ರಿಂದ 75 ಶೇಕಡಾ. ಹುಡ್ ಹಿಡಿದು ತೆಗೆದ ಎಫ್‌ಟಿಪಿ ಮೇಲೆ ಲೆಕ್ಕ ಹಾಕಿ 75ಕ್ಕೆ ಹೋದರೆ ಓಟದಲ್ಲಿ ಕಾಲು ಹೇಳುತ್ತದೆ.

ಟ್ರೇನರ್ ಮೇಲೆ ಹತ್ತು ನಿಮಿಷದ ಕಂತುಗಳಿಂದ ಶುರುಮಾಡಿ, ನಡುವೆ ಎರಡು ನಿಮಿಷ ಎದ್ದು, ನಿಧಾನವಾಗಿ ಅರ್ಧ ಗಂಟೆ, ಆಮೇಲೆ ಮುಕ್ಕಾಲು ಗಂಟೆಯ ಕಂತಿಗೆ ಬಂದೆ. ಟ್ರೇನರ್‌ನಲ್ಲಿ ಸೈಕಲ್ ಅಲ್ಲಾಡದ್ದರಿಂದ ಸ್ಯಾಡಲ್ ನೋವು ರಸ್ತೆಗಿಂತ ಬೇಗ ಬರುತ್ತದೆ, ಅದನ್ನು ನೋಡಿ ಗಾಬರಿಯಾಗಿ ಸ್ಯಾಡಲ್ ಬದಲಿಸಬೇಕಿಲ್ಲ. ವಾರಾಂತ್ಯದ ಉದ್ದ ಸವಾರಿಯ ಕೊನೆಯ ಮೂರನೇ ಒಂದು ಭಾಗವನ್ನು ಸ್ಪರ್ಧೆಯ ಪವರ್‌ನಲ್ಲಿ, ಬಗ್ಗಿಯೇ ಓಡಿಸುವುದು ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ದಣಿದ ಬೆನ್ನೇ ನಿಜ ಹೇಳುವುದು. ಕತ್ತಿಗೆ ಪ್ರತ್ಯೇಕ ವ್ಯಾಯಾಮ ಬೇಕು: ಬೋರಲು ಮಲಗಿ ತಲೆಯನ್ನು ಕೊಂಚ ಎತ್ತಿ ಹಿಡಿಯುವುದು, ಅಂಗೈಗೆ ತಲೆ ಒತ್ತಿ ತಡೆಯುವುದು. ಕನ್ನಡಕಕ್ಕೆ ಮೇಲಿನ ಫ್ರೇಮ್ ಇಲ್ಲದ್ದನ್ನು ಹಾಕಿಕೊಂಡರೆ ಹುಬ್ಬಿನ ಕೆಳಗಿಂದಲೇ ರಸ್ತೆ ಕಾಣುತ್ತದೆ, ಕತ್ತಿನ ಕೆಲಸ ಅಷ್ಟು ಕಮ್ಮಿ. ಕಣ್ಣು ಕಂಪ್ಯೂಟರ್ ಮೇಲೆ ನೆಟ್ಟು ಓಡಿಸುವವರನ್ನು ಕಂಡರೆ ನನಗೆ ಭಯ. ಬ್ರೇಕ್ ಮೇಲೆ ಕೈ ಇಲ್ಲದ ಭಂಗಿ ಇದು. ವಾಹನಗಳ ನಡುವೆ, ಗುಂಪಿನಲ್ಲಿ, ತಿರುವಿನಲ್ಲಿ ಏರೋ ಬಾರ್ ಹಿಡಿಯಲೇಬಾರದು.

ಸ್ಪರ್ಧೆಯಲ್ಲಿ ಬೇರೆಯವರ ಬೆನ್ನ ಹಿಂದೆ ಅಡಗಲು ಬಿಡುವುದಿಲ್ಲ, ಹವ್ಯಾಸಿಗಳಿಗೆ ಸಾಮಾನ್ಯವಾಗಿ 12 ಮೀಟರ್ ಅಂತರದ ನಿಯಮ. ಹಾಗಾಗಿ ಮೇಲಿನ ಸಂಖ್ಯೆಗಳೆಲ್ಲ ಆ ದಿನಕ್ಕೆ ಹಾಗೇ ಒದಗುತ್ತವೆ. ಚಕ್ರದ ವಿಷಯ ಕೇಳುವವರಿಗೆ: ಮೊದಲು ಭಂಗಿ, ಆಮೇಲೆ ಮೈಗಂಟುವ ಬಟ್ಟೆ ಮತ್ತು ಹೆಲ್ಮೆಟ್, ಆಮೇಲೆ ಹಗುರವಾಗಿ ಉರುಳುವ ಟೈರು, ಕೊನೆಗೆ ಆಳದ ರಿಮ್ಮು. ಖರ್ಚು ನೋಡಿದರೆ ಈ ಸಾಲು ಹೆಚ್ಚುಕಡಿಮೆ ತಲೆಕೆಳಗು.

ಉಳಿದ ಕೆಲಸ

ಕ್ರ್ಯಾಂಕನ್ನು 172.5ರಿಂದ 165 ಮಿ.ಮೀ.ಗೆ ಇಳಿಸಬೇಕೆಂದಿದ್ದೇನೆ. ಪೆಡಲ್ ಕೆಳಗಿದ್ದಾಗ ಪಾದ 7.5 ಮಿ.ಮೀ. ಮೇಲೆ ನಿಲ್ಲುವುದರಿಂದ ಸ್ಯಾಡಲನ್ನೂ ಅಷ್ಟೇ ಏರಿಸಬೇಕು. ಪೆಡಲ್ ಮೇಲೆ ಬಂದಾಗ ಪಾದ 7.5 ಕೆಳಗೆ, ಸೊಂಟ 7.5 ಮೇಲೆ, ಒಟ್ಟು 15 ಮಿ.ಮೀ. ಜಾಗ ಮಂಡಿಗೆ ಸಿಗುತ್ತದೆ. ಆದರೆ ಸ್ಯಾಡಲ್ ಏರಿದರೆ ಪ್ಯಾಡ್ ತಾನಾಗಿ ಅಷ್ಟು ಕೆಳಗಾದಂತೆ. ಹೊಸ ಸ್ಪೇಸರ್ ಹಾಕದೆ ಆ 7.5 ಮಿ.ಮೀ. ತಗ್ಗನ್ನು ಕತ್ತು ತಾಳುತ್ತದೆಯೇ ಅಂತ ಮೊದಲು ಟ್ರೇನರ್ ಮೇಲೆ ಮುಕ್ಕಾಲು ಗಂಟೆಯ ಕಂತಿನಲ್ಲಿ ನೋಡುವುದು. ತಾಳದಿದ್ದರೆ ಡಬ್ಬಿಯಲ್ಲಿ ಮುಂದಿನ ಉದ್ದದ ಬೋಲ್ಟ್ ಜೋಡಿ ಇದೆ.